ನರಕೋಶದ ತುದಿ ಎಳೆಯುತ್ತದೆ
ಬೆಳೆಯುವ ನರದ ಎಳೆಯನ್ನು ಹಿಂದಿನಿಂದ ಏನು ತಳ್ಳುತ್ತದೆ ಅಂತ ಕೇಳಿದ್ದೀರಿ. ತಳ್ಳುವುದಕ್ಕಿಂತ ಜಾಸ್ತಿ, ತುದಿಯೇ ಮುಂದಕ್ಕೆ ಎಳೆಯುತ್ತದೆ. ಈ ತುದಿಯನ್ನು 1890ರಲ್ಲೇ ಸ್ಪೇನಿನ ವಿಜ್ಞಾನಿ ಕಹಾಲ್ ಗುರುತಿಸಿದ್ದರು. ಅದರ ಅಂಚಿನಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ದಾರಗಳು ಬೆಳೆಯುತ್ತಲೇ ಇರುತ್ತವೆ. ಮಯೋಸಿನ್ ಎಂಬ ಇನ್ನೊಂದು ಪ್ರೋಟೀನು ಅವನ್ನು ಹಿಂದಕ್ಕೆ ಜಗ್ಗುತ್ತಿರುತ್ತದೆ. (ನಮ್ಮ ತೋಳಿನ ಸ್ನಾಯುವಲ್ಲೂ ಇದೇ ಜೋಡಿ!)

ಸುಮ್ನೆ ಜಗ್ಗಿದರೆ ಸಾಲದು, ಹಿಡಿತ ಬೇಕು. ಮಂಡ್ಯದ ಕಡೆ ಕಬ್ಬಿನ ಗಾಡಿ ಕೆಸರಲ್ಲಿ ಸಿಕ್ಕಿಕೊಂಡಿದ್ದು ನೋಡಿರ್ತೀರಿ ಅಲ್ವಾ? ಎತ್ತಿನ ಗೊರಸು ಜಾರಿದರೆ ಗಾಡಿ ಅಲ್ಲೇ. ಗೊರಸು ನೆಲ ಕಚ್ಚಿದರೆ ಹೊರಟಿತು. ಹಾಗೇ, ತುದಿಯಲ್ಲಿರುವ ಅಂಟುವ ಪ್ರೋಟೀನುಗಳು ಹೊರಗಿನ ಮೇಲ್ಮೈಯನ್ನು ಹಿಡಿದಾಗ, ಹಿಂದಕ್ಕೆ ಜಗ್ಗುವ ಬಲವೇ ತುದಿಯನ್ನು ಮುಂದೆ ಒಯ್ಯುತ್ತದೆ. ಬಲ ನ್ಯಾನೋನ್ಯೂಟನ್ ಲೆಕ್ಕದ್ದು. ಒಂದು ನ್ಯಾನೋನ್ಯೂಟನ್ ಅಂದರೆ ನ್ಯೂಟನ್ನಿನ 100 ಕೋಟಿಯಲ್ಲಿ ಒಂದು ಪಾಲು.