ದಕ್ಷಿಣದ ಕಡಲತೀರಕ್ಕೆ ಎಂಟು ದಿನ: ದಿನಕ್ಕೆ ಎಷ್ಟು ಓಡಿಸಬೇಕು?

1,500 ಕಿ.ಮೀ. ದೂರದ ಬೆಚ್ಚನೆಯ ಕಡಲತೀರಕ್ಕೆ ಶರತ್ಕಾಲದಲ್ಲಿ, ಎಂಟು ದಿನದಲ್ಲಿ ಆರಾಮಾಗಿ ಹೋಗೋದು ಹೇಗೆ ಅಂತ ಕೇಳಿದ್ದೀರಿ. ದಿನಕ್ಕೆ 250 ಕಿ.ಮೀ. ಸಾಕು. ಮೂರು ದಿನ ಓಡಿಸಿ, ಎರಡು ದಿನ ಒಂದೇ ಊರಲ್ಲಿ ಉಳಿದು, ಮತ್ತೆ ಮೂರು ದಿನ ಓಡಿಸಿ. ಬಿಡುವನ್ನು ಒಂದೊಂದೇ ದಿನವಾಗಿ ಹಂಚಬೇಡಿ, ಗಂಟುಮೂಟೆ ಬಿಚ್ಚಿ ಕಟ್ಟೋದರಲ್ಲೇ ಕಳೆದುಹೋಗುತ್ತೆ.

ಹೆಚ್ಚಿನವರು ಎಡವೋದು ಬೆಳಕಿನ ಲೆಕ್ಕದಲ್ಲಿ. ಬೇಸಿಗೆಯ ಅಭ್ಯಾಸದಲ್ಲಿ ಸಂಜೆ ಏಳಕ್ಕೆ ತಲುಪೋ ಹಾಗೆ ಹೊರಟರೆ ಕೊನೆಯ ಗಂಟೆ, ಅದೂ ಗೊತ್ತಿಲ್ಲದ ಊರಲ್ಲಿ, ಕತ್ತಲಲ್ಲೇ. ಬೆಳಿಗ್ಗೆ ಒಂಬತ್ತಕ್ಕೆ ಹೊರಟು ನಾಲ್ಕರೊಳಗೆ ಸೇರಿಕೊಳ್ಳಿ. ಉತ್ತರದಿಂದ ದಕ್ಷಿಣಕ್ಕೆ ಹೋಗುವಾಗ ಈ ಕಾಲದ ತಗ್ಗಿದ ಸೂರ್ಯ ಮಧ್ಯಾಹ್ನವೇ ಎದುರಿಗಿರುತ್ತಾನೆ. ಹಾಗಾಗಿ ಮುಂದಿನ ಗಾಜಿನ ಒಳಬದಿಯನ್ನೂ ಒರೆಸಿ. ಅಲ್ಲಿನ ತೆಳು ಜಿಡ್ಡು ಬಿಸಿಲಿಗೆ ಬೆಳ್ಳಗೆ ಹೊಳೆದು ರಸ್ತೆಯನ್ನೇ ಮರೆಮಾಡುತ್ತೆ.

ಇನ್ನು ಟೈರು. ಹೊರಗಿನ ಶಾಖ 10 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 5.5 ಡಿಗ್ರಿ ಸೆಲ್ಸಿಯಸ್) ಏರಿದರೆ ಟೈರಿನ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ (ಒತ್ತಡದ ಅಳತೆ) ಏರುತ್ತೆ. ತಲುಪಿದ ಮರುದಿನ ಬೆಳಿಗ್ಗೆ, ಕಾರು ತೆಗೆಯೋ ಮೊದಲೇ, ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಬರೆದಿರೋ ಒತ್ತಡ ನೋಡಿ ಸರಿಮಾಡಿ. ಓಡಿ ಬಿಸಿಯಾದ ಟೈರಿನಿಂದ ಗಾಳಿ ಬಿಡಬೇಡಿ, ತಣ್ಣಗಾದಾಗ ಕಡಿಮೆ ಬೀಳುತ್ತೆ. ವಾಪಸ್ ಚಳಿಯ ಕಡೆ ಬಂದಾಗ ಮತ್ತೆ ತುಂಬಿಸಲೇಬೇಕು, ಎಲ್ಲರೂ ಮರೆಯೋದು ಇದನ್ನೇ.