ಬೋಗಿಯಲ್ಲಿ ಯಾರೂ ಕೇಳಲಿಲ್ಲ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರ ಬದಲಿಸಿದೆ. ಬರೆಯಲು ಸಲಹೆಗೆ ಬಂದವರ ಒಪ್ಪಿಗೆಯಿದೆ.)

ವಯಸ್ಸು 34. ತುಮಕೂರಿನಿಂದ ಯಶವಂತಪುರಕ್ಕೆ ದಿನವೂ ರೈಲಿನಲ್ಲಿ ಹೋಗಿಬರುವ ನೌಕರರು. ತಿಂಗಳ ಪಾಸು, ಮಹಿಳಾ ಬೋಗಿ, ಕಿವಿಗೆ ಇಯರ್‌ಫೋನ್. ಜ್ವರ ಬಂದು ಹನ್ನೆರಡು ದಿನ ರಜೆ ಹಾಕಿ ಮರಳಿದಾಗ ಒಬ್ಬರೂ "ಎಲ್ಲಿ ಹೋಗಿದ್ರಿ?" ಎನ್ನಲಿಲ್ಲ. "ಯಾರೂ ಕೆಟ್ಟದಾಗಿ ನಡ್ಕೊಂಡಿಲ್ಲ ಮೇಡಂ. ನಾನು ಇದ್ದೀನೋ ಇಲ್ವೋ ಅನ್ನೋದೇ ಯಾರ ಲೆಕ್ಕಕ್ಕೂ ಇಲ್ಲ" ಎಂದರು.

ನಿದ್ದೆ, ಹಸಿವು, ಆಸಕ್ತಿ ಎರಡು ವಾರಕ್ಕೂ ಮೀರಿ ಕುಸಿದಿವೆಯೇ, ಸಾಯುವ ಯೋಚನೆ ಬರುತ್ತದೆಯೇ ಎಂದು ಮೊದಲ ಭೇಟಿಯಲ್ಲೇ ನೇರವಾಗಿ ಕೇಳಲಾಯಿತು. ಹಾಗೇನೂ ಇರಲಿಲ್ಲ. ಇದ್ದಿದ್ದರೆ ರೈಲಿನ ವಿಷಯ ಬದಿಗಿಟ್ಟು ಮೊದಲು ಮನೋವೈದ್ಯರ ಬಳಿ ಕಳಿಸಬೇಕಿತ್ತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416 ಅನ್ನು ಹೇಗೂ ಬರೆದುಕೊಟ್ಟೆವು.

ಆಮೇಲೆ ಕೇಳಿದ್ದು: ನಿಮ್ಮ ಬೋಗಿಯಲ್ಲಿ ಈಚೆಗೆ ಕಾಣದವರು ಯಾರು? ತಡವರಿಸದೆ ಹೇಳಿದರು. ಕ್ಯಾತ್ಸಂದ್ರದಲ್ಲಿ ಹತ್ತುವ ಹಿರಿಯರೊಬ್ಬರು, ಅವರೆಕಾಯಿ ಬಿಡಿಸುತ್ತ ಕೂರುವವರು, ತಿಂಗಳಿಂದ ಇಲ್ಲ. ವಿಚಾರಿಸಿದಿರಾ? ಇಲ್ಲ. ಅಂದರೆ ಗಮನಿಸಿಯೂ ಕೇಳದವರಲ್ಲಿ ಅವರೂ ಒಬ್ಬರು. ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1972ರಲ್ಲಿ ರೈಲು ನಿಲ್ದಾಣದ ಪ್ರಯಾಣಿಕರ ಬಗ್ಗೆ ಬರೆದದ್ದೂ ದಿನವೂ ಕಂಡರೂ ಮಾತಾಡದ ಇಂಥ ಪರಿಚಿತ ಅಪರಿಚಿತರನ್ನೇ ಕುರಿತು. 2014ರಲ್ಲಿ ಪ್ರಕಟವಾದ ಷಿಕಾಗೊ ಅಧ್ಯಯನದಲ್ಲಿ, ಪಕ್ಕದವರೊಡನೆ ಮಾತಾಡಿದ ಪ್ರಯಾಣಿಕರಿಗೆ ಸುಮ್ಮನೆ ಕೂತವರಿಗಿಂತ ಪ್ರಯಾಣ ಹಿತವಾಗಿತ್ತು. ಆದರೆ ಮುಂಚಿತವಾಗಿ ಊಹಿಸಲು ಹೇಳಿದಾಗ ಜನ ಇದಕ್ಕೆ ತದ್ವಿರುದ್ಧ ಹೇಳಿದ್ದರು. ಎದುರಿನವರಿಗೆ ಮಾತು ಬೇಡವೆಂಬ ಅಂದಾಜೇ ಎಲ್ಲರ ಬಾಯಿ ಕಟ್ಟುತ್ತದೆ.

ಅವರಿಗೆ ಕೊಟ್ಟ ಸಲಹೆ ಹೀಗಿತ್ತು. ಮೊದಲ ವಾರ ಮಾತೇ ಬೇಡ. ಅದೇ ಬಾಗಿಲಲ್ಲಿ ಹತ್ತಿ, ಒಂದು ಕಿವಿ ಖಾಲಿ ಬಿಟ್ಟು, ಕಣ್ಣು ಸೇರಿದಾಗ ತಲೆಯಾಡಿಸಿದರೆ ಸಾಕು. ಎರಡನೇ ವಾರ ಒಂದೇ ಪ್ರಶ್ನೆ, ಅದೂ ಯಶವಂತಪುರಕ್ಕೆ ಮುಂಚಿನ ನಿಲ್ದಾಣ ಚಿಕ್ಕಬಾಣಾವರ ದಾಟಿದ ಮೇಲೆ. ಈ ಹೊತ್ತು ಮುಖ್ಯ. ತುಮಕೂರಿನಲ್ಲೇ ಮಾತು ತೆಗೆದರೆ ಇಳಿಯುವವರೆಗೂ ಎಳೆಯಬೇಕಾಗುತ್ತದೆ. ಮರುದಿನ ಮತ್ತೆ ಜೊತೆಗೇ ಕೂರಬೇಕೆಂಬ ಮುಲಾಜಿಗೆ ಇಬ್ಬರೂ ಬೋಗಿ ಬದಲಿಸುತ್ತಾರೆ. ಇಂಥ ಪ್ರಯತ್ನ ಹೆಚ್ಚಾಗಿ ಕೆಡುವುದು ಇಲ್ಲೇ. ಇಳಿಯುವ ಮುಂಚಿನ ಐದು ನಿಮಿಷಕ್ಕೆ ಆ ಭಯವಿಲ್ಲ, ಸ್ಟೇಷನ್ನೇ ಮಾತು ಮುಗಿಸುತ್ತದೆ.

ಪ್ರಶ್ನೆ ರೈಲಿನದೇ ಇರಲಿ: "ಇವತ್ತೂ ಸಿಗ್ನಲ್ಲಲ್ಲಿ ನಿಲ್ಲಿಸ್ತಾರೇನ್ರೀ?" ಮದುವೆ, ಮಕ್ಕಳು, ಸಂಬಳ, "ನೀವು ಯಾವ ಜನ" ಬೇಡವೇ ಬೇಡ. ಒಂದೇ ಪದದ ಉತ್ತರ ಕೊಟ್ಟು ಫೋನಿಗೆ ಮರಳಿದವರನ್ನು ಅಂದು ಬಿಟ್ಟುಬಿಡಬೇಕು. ಬೆಳಗಿನ ನಿದ್ದೆಯಲ್ಲಿರುವವರನ್ನು ಎಂದೂ ಎಬ್ಬಿಸಬಾರದು. ಒಂದೆರಡು ದಿನ ಕಾಣದೆ ಮರಳಿದವರಿಗೆ "ಮೊನ್ನೆ ಕಾಣ್ಲಿಲ್ವಲ್ಲ, ಹುಷಾರಾಗಿದೀರಾ?" ಎಂದರೆ ಸಾಕು, ಕಾರಣ ಕೆದಕಬೇಕಿಲ್ಲ.

ನಾಲ್ಕನೇ ಭೇಟಿಯ ಹೊತ್ತಿಗೆ ಇಬ್ಬರ ಪರಿಚಯವಾಗಿತ್ತು. ಮೂರನೆಯವರು ಮುಖ ತಿರುಗಿಸಿದ್ದು ನೋವಾಗಿತ್ತು, ಆದರೆ ಬೋಗಿ ಬದಲಿಸಲಿಲ್ಲ. ಅವರೆಕಾಯಿಯ ಅಜ್ಜಿ ಮಗಳ ಬಾಣಂತನಕ್ಕೆ ಹೋಗಿದ್ದಾರೆಂದು ಆ ಇಬ್ಬರಲ್ಲೊಬ್ಬರಿಂದ ತಿಳಿಯಿತು. ಈಗ ಬಂದಿರುವ ಹೊಸ ಪ್ರಶ್ನೆ, ಪರಿಚಯವಾದವರು ಕರೆದ ಚೀಟಿಗೆ ಸೇರಬೇಕೇ ಎಂಬುದು. ಬೇಡ ಎಂದೆವು. ಬೋಗಿಯ ಸ್ನೇಹ ದುಡ್ಡಿನ ವ್ಯವಹಾರವನ್ನು ತಾಳುವುದು ಕಡಿಮೆ. ವಾರಕ್ಕೆರಡು ದಿನ ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳಲು ಅಡ್ಡಿಯಿಲ್ಲ ಎಂದೂ ಹೇಳಿ, ಮುಂದಿನ ಭೇಟಿಯನ್ನು ತಿಂಗಳಿಗೆ ಮುಂದೂಡಿದೆವು.