ರೂಪದರ್ಶಿಯ ಬದುಕಿಗೆ ನಾಲ್ಕು ಪುಟ ಏಕೆ? – ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಬಂದ, ಸೊಮಾಲಿಯಾ ಮೂಲದ ರೂಪದರ್ಶಿ ಇಮಾನ್ ಅವರ ಕುರಿತ ಲೇಖನವನ್ನು ಓದಿ ತಾವು ತಿಪಟೂರಿನಿಂದ ಬರೆದ ಪತ್ರ ತಲುಪಿದೆ. ಕಾಡಿನಲ್ಲಿ ದನ ಮೇಯಿಸಿಕೊಂಡಿದ್ದ ಹುಡುಗಿಯೊಬ್ಬಳು ಛಾಯಾಗ್ರಾಹಕನ ಕಣ್ಣಿಗೆ ಬಿದ್ದು ಲೋಕಪ್ರಸಿದ್ಧಳಾದ ಕಥೆಯನ್ನು ಬಹಳ ಹಿಂದೆಯೇ ಓದಿದ್ದುದಾಗಿಯೂ, ಅದು ಅದೃಷ್ಟವೇ ಹೊರತು ಸಾಧನೆಯಲ್ಲವೆಂದೂ, ಬಟ್ಟೆ ಹೊಲಿದವರಿಗೆ ಮತ್ತು ಚಿತ್ರ ತೆಗೆದವರಿಗೆ ಸಲ್ಲಬೇಕಾದ ಕೀರ್ತಿ ಸುಮ್ಮನೆ ನಿಂತವಳಿಗೆ ಸಂದಿದೆಯೆಂದೂ ಬರೆದಿದ್ದೀರಿ. ಕ್ರೀಮುಗಳ ಜಾಹೀರಾತು ನೋಡಿಯೇ ಕೀಳರಿಮೆಗೆ ಬೀಳುತ್ತಿರುವ ನಮ್ಮ ಹೆಣ್ಣುಮಕ್ಕಳಿಗೆ ಇಂಥ ಲೇಖನದಿಂದ ಆಗುವ ಉಪಕಾರವೇನು ಎಂದೂ ಕೇಳಿದ್ದೀರಿ. ಈ ಕೊನೆಯ ಪ್ರಶ್ನೆಗೆ ಉತ್ತರ ಇಮಾನ್ ಅವರ ಬದುಕಿನಲ್ಲೇ ಇರುವುದರಿಂದ ತುಸು ವಿಸ್ತಾರವಾಗಿ ಬರೆಯುತ್ತಿದ್ದೇನೆ.

ದನ ಕಾಯುವ ಹುಡುಗಿಯ ಕಥೆ ನಮ್ಮ ಲೇಖನದಲ್ಲಿ ಇರಲಿಲ್ಲ, ಏಕೆಂದರೆ ಅದು ಕಟ್ಟುಕಥೆ. ಇಮಾನ್ ಹುಟ್ಟಿದ್ದು 1955ರಲ್ಲಿ, ಸೊಮಾಲಿಯಾದ ರಾಜಧಾನಿ ಮೊಗದಿಶುವಿನಲ್ಲಿ. ತಂದೆ ರಾಯಭಾರಿಯಾಗಿದ್ದವರು, ತಾಯಿ ಸ್ತ್ರೀರೋಗ ತಜ್ಞೆ. ಈಜಿಪ್ಟಿನ ವಸತಿ ಶಾಲೆಯಲ್ಲಿ ಓದಿದ ಈ ಹುಡುಗಿಗೆ ಸೊಮಾಲಿಯ ಜೊತೆಗೆ ಅರೇಬಿಕ್, ಇಟಾಲಿಯನ್, ಫ್ರೆಂಚ್ ಮತ್ತು ಇಂಗ್ಲಿಷ್ ಬರುತ್ತಿತ್ತು. 1969ರಲ್ಲಿ ಸೇನಾಧಿಕಾರಿ ಸಿಯಾದ್ ಬಾರ್ರೆಯ ಸೇನೆ ಅಧಿಕಾರ ಹಿಡಿದ ಮೇಲೆ ಆ ಮನೆಯ ನೆಮ್ಮದಿ ಕೆಟ್ಟಿತು. ಕುಟುಂಬ ಇದ್ದುದೆಲ್ಲವನ್ನೂ ಬಿಟ್ಟು ಕೀನ್ಯಾಕ್ಕೆ ಬಂದು ಸೇರಿತು. ನಿರಾಶ್ರಿತೆಯಾಗಿ ಬಂದ ಇಮಾನ್ ನೈರೋಬಿ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದುತ್ತಿದ್ದಾಗ, 1975ರಲ್ಲಿ, ಅಮೆರಿಕದ ಛಾಯಾಗ್ರಾಹಕ ಪೀಟರ್ ಬಿಯರ್ಡ್ ನಗರದ ಬೀದಿಯಲ್ಲಿ ಆಕೆಯನ್ನು ಕಂಡು, ಚಿತ್ರ ತೆಗೆಯಬಹುದೇ ಎಂದು ಕೇಳಿದರು.

ಆಗ ಆಕೆ ಕೊಟ್ಟ ಉತ್ತರವನ್ನು ತಾವು ಗಮನಿಸಬೇಕೆಂದು ನನ್ನ ಕೋರಿಕೆ. ಎಷ್ಟು ಕೊಡುತ್ತೀರಿ ಎಂದು ಆಕೆ ಕೇಳಿದರು. ವಿಶ್ವವಿದ್ಯಾಲಯಕ್ಕೆ ಕಟ್ಟಬೇಕಿದ್ದ ಶುಲ್ಕದ ಲೆಕ್ಕ ಹಾಕಿ 8,000 ಡಾಲರ್ ಬೇಕೆಂದರು, ಬಿಯರ್ಡ್ ಒಪ್ಪಿಕೊಂಡರು. ಕ್ಯಾಮೆರಾದ ಮುಂದೆ ಒಮ್ಮೆಯೂ ವೃತ್ತಿಗಾಗಿ ನಿಲ್ಲದ, ಊರು ಕಳೆದುಕೊಂಡು ಬಂದ, ಇಪ್ಪತ್ತರ ಹರೆಯದ ವಿದ್ಯಾರ್ಥಿನಿಯೊಬ್ಬಳು ತನ್ನ ಮುಖಕ್ಕೆ ಬೆಲೆಯಿದೆ ಎಂದಾದರೆ ಆ ಬೆಲೆಯನ್ನು ತಾನೇ ಹೇಳುತ್ತೇನೆ ಎಂದು ನಿಂತದ್ದು ಅದೃಷ್ಟವೆಂದು ನನಗೆ ಅನ್ನಿಸುವುದಿಲ್ಲ.

ಆದರೆ ನ್ಯೂಯಾರ್ಕಿಗೆ ಬೇಕಾಗಿದ್ದುದು ಬೇರೆಯೇ ಕಥೆ. ಇಂಗ್ಲಿಷ್ ಬಾರದ, ಕಾಡಿನಲ್ಲಿ ಜಾನುವಾರು ಕಾಯುತ್ತಿದ್ದ ಬುಡಕಟ್ಟಿನ ಹುಡುಗಿಯನ್ನು ತಾನು ಕಂಡುಹಿಡಿದೆನೆಂದು ಬಿಯರ್ಡ್ ಹಬ್ಬಿಸಿದ ಕಥೆಯನ್ನು ಅಲ್ಲಿನ ಪತ್ರಿಕೆಗಳು ಪರಿಶೀಲಿಸದೆ ಅಚ್ಚು ಹಾಕಿದವು. ಆಕೆ ಬಂದಿಳಿದಾಗ ಪತ್ರಕರ್ತರ ಗುಂಪೇ ಕಾದಿತ್ತು. ರಾಯಭಾರಿಯ ಮಗಳು, ರಾಜ್ಯಶಾಸ್ತ್ರದ ವಿದ್ಯಾರ್ಥಿನಿ ಎಂದರೆ ಅವರಿಗೆ ಸುದ್ದಿಯಾಗುತ್ತಿರಲಿಲ್ಲ. ಆಫ್ರಿಕದಿಂದ ಬಂದವರು ಕಾಡಿನಿಂದಲೇ ಬಂದಿರಬೇಕೆಂಬ ಎಣಿಕೆಗೆ ಹೊಂದುವ ಹುಡುಗಿ ಬೇಕಾಗಿತ್ತು. ಇಮಾನ್ ಮುಂದೆ ಅನೇಕ ಸಂದರ್ಶನಗಳಲ್ಲಿ ಈ ಸುಳ್ಳನ್ನು ಬಿಡಿಸಿ ಹೇಳಿದ್ದಾರೆ. ಹಾಗಿದ್ದರೂ ಅರ್ಧ ಶತಮಾನದ ನಂತರ ಅದು ತಿಪಟೂರಿನ ಓದುಗರ ನೆನಪಿನಲ್ಲೂ ಉಳಿದಿದೆಯೆಂದರೆ, ಒಮ್ಮೆ ಅಚ್ಚಾದ ಮಾತಿನ ಆಯುಸ್ಸು ಎಷ್ಟು ದೊಡ್ಡದೆಂದು ಪತ್ರಿಕೆ ನಡೆಸುವ ನನ್ನಂಥವರು ಯೋಚಿಸಬೇಕಾಗಿದೆ.

ಇನ್ನು, ಸುಮ್ಮನೆ ನಿಲ್ಲುವುದು ಎಂಬ ಮಾತು. 1976ರಿಂದ ಮೊದಲ್ಗೊಂಡು 1989ರಲ್ಲಿ ನಿವೃತ್ತಿ ಘೋಷಿಸುವವರೆಗೆ ಇಮಾನ್ ವೋಗ್ ಎಂಬ ಫ್ಯಾಶನ್ ಪತ್ರಿಕೆಯ ಪುಟಗಳಿಗೂ, ಈವ್ ಸಾಂ ಲೊರಾಂ, ಹಾಲ್‌ಸ್ಟನ್, ಜಿಯಾನಿ ವರ್ಸಾಚೆ, ಇಸ್ಸೇ ಮಿಯಾಕೆ ಮೊದಲಾದ ವಸ್ತ್ರವಿನ್ಯಾಸಕಾರರಿಗೂ ಕೆಲಸ ಮಾಡಿದರು. ಬಟ್ಟೆ ಹೇಗೆ ಬೀಳಬೇಕು, ಬೆಳಕಿಗೆ ಕುತ್ತಿಗೆಯನ್ನು ಎಷ್ಟು ಹೊರಳಿಸಬೇಕು, ಒಂದೇ ಭಂಗಿಯನ್ನು ಗಂಟೆಗಟ್ಟಲೆ ಹಿಡಿದೂ ಆಯಾಸ ಕಾಣದಂತೆ ಇರುವುದು ಹೇಗೆ ಎಂಬುದೆಲ್ಲ ಕಲಿತು ಬರುವ ಕೆಲಸ. ನಾಟ್ಯದವರ ಅಂಗಶುದ್ಧಿಯನ್ನು ಮೆಚ್ಚುವ ನಾವು ಇದನ್ನು ಮಾತ್ರ ಮೈಕಟ್ಟಿನ ಪುಣ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ವಿನ್ಯಾಸಕಾರರ, ಛಾಯಾಗ್ರಾಹಕರ ಶ್ರಮ ದೊಡ್ಡದೆಂಬ ತಮ್ಮ ಮಾತು ಸರಿ. ಆ ಶ್ರಮಕ್ಕೆ ಹೆಸರೂ ಹಣವೂ ಸಂದಿವೆ. ಕಪ್ಪು ವರ್ಣದ ರೂಪದರ್ಶಿಯರಿಗೆ ಮಾತ್ರ ಅದೇ ಕೆಲಸಕ್ಕೆ ಬಿಳಿಯ ರೂಪದರ್ಶಿಯರಿಗಿಂತ ಕಡಿಮೆ ಸಂಭಾವನೆ ಸಿಗುತ್ತಿದ್ದ ಕಾಲವದು. ಸಮನಾದ ಸಂಭಾವನೆ ಕೊಡದಿದ್ದರೆ ಕೆಲಸಕ್ಕೆ ಬರುವುದಿಲ್ಲವೆಂದು ಇಮಾನ್ ಪಟ್ಟು ಹಿಡಿದರು. 1974ರಲ್ಲಿ ಅಮೆರಿಕದ ವೋಗ್‌ನ ಮುಖಪುಟದಲ್ಲಿ ಕಾಣಿಸಿಕೊಂಡ ಮೊದಲ ಕಪ್ಪು ಮಹಿಳೆ ಬೆವರ್ಲಿ ಜಾನ್ಸನ್ ಅವರಿಗೂ ಇಮಾನ್ ಅವರಿಗೂ ಪೈಪೋಟಿ ಹಚ್ಚಿ, ಇರುವ ಒಂದು ಜಾಗಕ್ಕೆ ಇಬ್ಬರು ಎಂಬಂತೆ ಬಿಂಬಿಸುವ ಪ್ರಯತ್ನವೂ ನಡೆಯಿತು. 1983ರಲ್ಲಿ ನ್ಯೂಯಾರ್ಕಿನಲ್ಲಿ ಟ್ಯಾಕ್ಸಿ ಅಪಘಾತಕ್ಕೊಳಗಾಗಿ ಕೆನ್ನೆಯ ಮೂಳೆಯೇ ಮುರಿದಾಗ ವೃತ್ತಿ ಅಲ್ಲಿಗೆ ಮುಗಿಯಬಹುದಿತ್ತು. ಚೇತರಿಸಿಕೊಂಡು ಮತ್ತೆ ಕೆಲಸಕ್ಕೆ ಬಂದರು.

1992ರಲ್ಲಿ ಗಾಯಕ ಡೇವಿಡ್ ಬೋವಿಯವರನ್ನು ಮದುವೆಯಾದ ಸಂಗತಿ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ. ಅದೇ ವರ್ಷ ಆಕೆ ಬಿಬಿಸಿಯ ತಂಡದೊಂದಿಗೆ, ಬರಗಾಲ ಮತ್ತು ಅಂತರ್ಯುದ್ಧದಲ್ಲಿ ನಲುಗಿದ್ದ ಸೊಮಾಲಿಯಾಕ್ಕೆ ಹೋಗಿ ಸಾಕ್ಷ್ಯಚಿತ್ರದಲ್ಲಿ ತನ್ನ ದೇಶದವರ ಸಂಕಟವನ್ನು ತೋರಿಸಿದರು ಎಂಬುದು ಅಷ್ಟು ಪ್ರಚಾರ ಪಡೆಯಲಿಲ್ಲ.

ಈಗ ತಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ವೋಗ್‌ಗಾಗಿ ನಡೆದ ಮೊದಲ ಚಿತ್ರೀಕರಣದ ದಿನ ಮೇಕಪ್ ಮಾಡುವವರು, ನಿಮ್ಮ ಫೌಂಡೇಶನ್ (ಮುಖದ ಬಣ್ಣ ಒಂದೇ ಸಮನಾಗಿ ಕಾಣಲು ಹಚ್ಚುವ ಲೇಪ) ನೀವೇ ತಂದಿದ್ದೀರಾ ಎಂದು ಇಮಾನ್ ಅವರನ್ನು ಕೇಳಿದರು. ಅಲ್ಲೇ ಇದ್ದ ಬಿಳಿಯ ರೂಪದರ್ಶಿಯನ್ನು ಆ ಪ್ರಶ್ನೆ ಕೇಳಲಿಲ್ಲ. ಇಮಾನ್ ತಂದಿರಲಿಲ್ಲ. ಇದ್ದುದನ್ನೇ ಬೆರೆಸಿ ಹಚ್ಚಿದ ಮೇಲೆ ಕನ್ನಡಿ ನೋಡಿಕೊಂಡರೆ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಇದರ ಕಾರಣ ಸರಳವಾಗಿದೆ. ಫೌಂಡೇಶನ್ನಿನಲ್ಲಿ ಮುಚ್ಚುವ ಗುಣ ಬರುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿಯ ಪುಡಿಯಿಂದ. ಮೈಬಣ್ಣ ಬರುವುದು ಕೆಂಪು, ಹಳದಿ, ಕಪ್ಪು ಬಣ್ಣದ ಕಬ್ಬಿಣದ ಆಕ್ಸೈಡುಗಳಿಂದ. ತೆಳುಬಣ್ಣದ ಚರ್ಮಕ್ಕೆಂದು ಬಿಳಿಯ ಪುಡಿ ಹೆಚ್ಚು ಹಾಕಿ ಮಾಡಿದ ಲೇಪಕ್ಕೆ ಆಮೇಲೆ ಒಂದಿಷ್ಟು ಕಪ್ಪು ಬೆರೆಸಿದರೆ ಅದು ಕಂದು ಆಗುವುದಿಲ್ಲ, ಬೂದಿಯಾಗುತ್ತದೆ. ಕಪ್ಪು ಚರ್ಮಕ್ಕೆ ಬೇಕಾದ ಪಾಕವನ್ನು ಮೊದಲಿನಿಂದಲೇ ಬೇರೆಯಾಗಿ ಕಟ್ಟಬೇಕು, ಆ ಕೆಲಸ ಆಗ ಅಪರೂಪವಾಗಿತ್ತು.

ಇಮಾನ್ ಅಂಗಡಿಗಳಲ್ಲಿ ಸಿಕ್ಕ ಬಣ್ಣಗಳನ್ನೆಲ್ಲ ಕೊಂಡು ತಂದು, ತಾವೇ ಬೆರೆಸಿ ಮುಖಕ್ಕೆ ಹಚ್ಚಿಕೊಂಡು, ಪೋಲರಾಯ್ಡ್ ಕ್ಯಾಮೆರಾದಿಂದ ಚಿತ್ರ ತೆಗೆದು ಯಾವ ಮಿಶ್ರಣ ಹೇಗೆ ಕಾಣುತ್ತದೆಂದು ಪರೀಕ್ಷಿಸುತ್ತಿದ್ದರು. ಚಿತ್ರೀಕರಣಕ್ಕೆ ಹೋಗುವಾಗ ತಮ್ಮ ಫೌಂಡೇಶನ್ ತಾವೇ ಒಯ್ಯುವುದು ರೂಢಿಯಾಯಿತು. ಆ ಅನುಭವವೇ 1994ರಲ್ಲಿ ಅವರು ಆರಂಭಿಸಿದ ಪ್ರಸಾಧನ ಸಾಮಗ್ರಿಗಳ ಉದ್ಯಮಕ್ಕೆ ತಳಹದಿಯಾಯಿತು. ಆಫ್ರಿಕನ್, ಏಷ್ಯನ್, ಲ್ಯಾಟಿನ್ ಮೂಲದ ಹೆಂಗಸರ ಮೈಬಣ್ಣಗಳನ್ನು ಗಮನದಲ್ಲಿಟ್ಟು ಮಾಡಿದ ಆ ಸಾಮಗ್ರಿಗಳು ಚರ್ಮವನ್ನು ಬೆಳ್ಳಗಾಗಿಸುತ್ತೇವೆಂದು ಹೇಳಲಿಲ್ಲ. ಇದ್ದ ಬಣ್ಣಕ್ಕೆ ಹೊಂದುತ್ತೇವೆಂದವು. 2017ರಲ್ಲಿ ಗಾಯಕಿ ರಿಹಾನಾ 40 ಛಾಯೆಗಳ ಫೌಂಡೇಶನ್ ತಂದಾಗ ಇಡೀ ಉದ್ಯಮ ಬೆರಗಾಯಿತು. ಆ ದಾರಿಯಲ್ಲಿ ಇಮಾನ್ ಅವರಿಗಿಂತ ಮೊದಲೂ ಕೆಲವರು ನಡೆದಿದ್ದರು, ಆದರೆ ಬಗೆಬಗೆಯ ಮೈಬಣ್ಣದ ಹೆಂಗಸರನ್ನು ಒಟ್ಟಿಗೆ ನೆನೆದು ಅಷ್ಟು ದೊಡ್ಡ ಹೆಜ್ಜೆಯಿಟ್ಟವರಲ್ಲಿ ಅವರು ಮುಂಚೂಣಿಯಲ್ಲಿದ್ದರು.

ತಾವು ಹೇಳಿದ ಕ್ರೀಮುಗಳ ಕಾಟ ನಮ್ಮ ಮನೆಮನೆಯದು. ವಧು ಬೇಕಾಗಿದ್ದಾಳೆ ಎಂಬ ಪ್ರಕಟಣೆಯಲ್ಲಿ ವಿದ್ಯೆಗಿಂತ ಮೊದಲು ಬೆಳ್ಳಗಿರಬೇಕೆಂದು ಬರೆಯುವವರು ಇಂದಿಗೂ ಇದ್ದಾರೆ. ಎಣ್ಣೆಗೆಂಪು, ಗೋಧಿ ಬಣ್ಣ ಎಂದು ಮಗಳ ಮೈಬಣ್ಣವನ್ನು ಒಂದು ಮೆಟ್ಟಿಲು ಮೇಲಕ್ಕೆ ಹತ್ತಿಸಿ ಹೇಳುವ ತಾಯಂದಿರೂ ಇದ್ದಾರೆ. ದಶಕಗಳ ಕಾಲ ಬೆಳ್ಳಗಿನ ಆಸೆ ಮಾರಿದ ಫೇರ್ ಆ್ಯಂಡ್ ಲವ್ಲಿ 2020ರಲ್ಲಿ ಹೆಸರು ಬದಲಿಸಿ ಗ್ಲೋ ಆ್ಯಂಡ್ ಲವ್ಲಿ ಆಯಿತು, ಆದರೆ ಹುಡುಗಿಯರ ಮೇಲಿನ ಒತ್ತಡ ಅಷ್ಟಕ್ಕೇ ಇಳಿಯಲಿಲ್ಲ. ಈ ಹುಡುಗಿಯರಿಗೆ ರೂಪದರ್ಶಿಗಳ ಸುದ್ದಿಯೇ ಬೇಡವೆಂದರೆ ಅವರು ಜಾಹೀರಾತನ್ನು ನೋಡುವುದು ನಿಲ್ಲುವುದಿಲ್ಲ. ಆ ಜಾಹೀರಾತಿನ ಒಳಗೆ ಕೆಲಸ ಮಾಡಿ, ಅಲ್ಲಿನ ಸುಳ್ಳನ್ನೂ ತಾರತಮ್ಯವನ್ನೂ ಮೈಮೇಲೆ ಅನುಭವಿಸಿ, ಅದಕ್ಕೆ ಒಪ್ಪದೆ ಬೇರೊಂದನ್ನು ಕಟ್ಟಿದ ಹೆಣ್ಣಿನ ಬದುಕನ್ನು ಅವರು ಓದಬೇಕೆಂಬುದೇ ನಮ್ಮ ಉದ್ದೇಶವಾಗಿತ್ತು.

2013ರಲ್ಲಿ ರೂಪದರ್ಶಿಯರಾದ ಬೆಥಾನ್ ಹಾರ್ಡಿಸನ್ ಮತ್ತು ನವೋಮಿ ಕ್ಯಾಂಪ್‌ಬೆಲ್ ಅವರೊಂದಿಗೆ ಸೇರಿ, ಫ್ಯಾಶನ್ ಪ್ರದರ್ಶನಗಳಲ್ಲಿ ಕಪ್ಪು ರೂಪದರ್ಶಿಯರಿಗೆ ಜಾಗವನ್ನೇ ಕೊಡದ ವಿನ್ಯಾಸ ಸಂಸ್ಥೆಗಳ ಹೆಸರನ್ನು ಬಹಿರಂಗವಾಗಿ ಪಟ್ಟಿ ಮಾಡಿದಾಗ ಇಮಾನ್ ಅವರಿಗೆ 58 ವರ್ಷ. ಅದರಿಂದ ಸ್ವಂತ ವೃತ್ತಿಗೆ ಆಗುವ ಲಾಭವೇನೂ ಉಳಿದಿರಲಿಲ್ಲ. ತಮ್ಮ ಸಲಹೆಯಂತೆ ವಿಜ್ಞಾನಿಗಳ, ಶಿಕ್ಷಕಿಯರ ಬದುಕಿನ ಲೇಖನಗಳನ್ನು ಖಂಡಿತ ಹೆಚ್ಚಿಸುತ್ತೇವೆ. ರೂಪದರ್ಶಿಯರ ಕುರಿತ ಈ ಲೇಖನಮಾಲೆಯನ್ನೂ ನಿಲ್ಲಿಸುವುದಿಲ್ಲ. ಮುಂದಿನ ತಿಂಗಳು ಬೆವರ್ಲಿ ಜಾನ್ಸನ್ ಅವರ ಕುರಿತು ಬರೆಯುತ್ತಿದ್ದೇವೆ. ಅದನ್ನು ಓದಿ, ಒಪ್ಪದಿದ್ದರೆ ಇಷ್ಟೇ ನೇರವಾಗಿ ಮತ್ತೆ ಬರೆಯಿರಿ.

– ಸಂಪಾದಕ